ರಜೆ ದಿನದ ಬೆಂಕಿ

ಬೇಕರಿಯಲ್ಲಿ ಎಲ್ಲರೂ ಅವನನ್ನು ಕೆಂಡ ಅಂತಲೇ ಕರೆಯುತ್ತಿದ್ದರು. ಒಲೆಯ ಮುಂದೆ ಕೆಲಸ ಮಾಡುತ್ತಾನೆ ಅಂತಲ್ಲ, ಕೋಪವನ್ನು ಮೂಗಿನ ತುದಿಯಲ್ಲಿ ಇಟ್ಟುಕೊಂಡು ಓಡಾಡುತ್ತಾನೆ ಅಂತ. ಈಗ ಆ ಕೋಪವೆಲ್ಲ ಅಣ್ಣನ ಮೇಲಿತ್ತು.

ಅಣ್ಣನಿಗೆ ಬಿಪಿ. ಅಪ್ಪ ಇದೇ ಒಲೆಯೆದುರು ಎದೆ ಹಿಡಿದುಕೊಂಡು ಕುಸಿದದ್ದೂ ಅದರಿಂದಲೇ. ಆಸ್ಪತ್ರೆಯ ನರ್ಸಮ್ಮ ಅಣ್ಣನ ತೋಳಿಗೆ ಪಟ್ಟಿ ಸುತ್ತಿ ನೋಡಿ, ದಿನಾ ಒಂದು ಮಾತ್ರೆ, ಉಪ್ಪು ಕಡಿಮೆ, ಬೀಡಿ ಬಂದ್ ಎಂದಿದ್ದಳು. ಪ್ರಪಂಚದಲ್ಲಿ ಹೃದಯದ, ರಕ್ತನಾಳದ ಕಾಯಿಲೆ ಒಯ್ಯುವಷ್ಟು ಜನರನ್ನು ಬೇರೆ ಯಾವುದೂ ಒಯ್ಯುವುದಿಲ್ಲ, ಅವರಲ್ಲಿ ಎಷ್ಟೋ ಜನ ಉಳಿಯಬಹುದಿತ್ತು ಎಂದೂ ಹೇಳಿದ್ದಳು. ಆ ಮಾತು ಕೆಂಡನೊಳಗೆ ಉರಿಯುತ್ತಲೇ ಇತ್ತು. ಉಳಿಯಬಹುದಾದವರು ಸುಮ್ಮಸುಮ್ಮನೆ ಸಾಯುವುದೆಂದರೇನು? ಇಡೀ ಜಗತ್ತಿಗೇ ಮಂಕು ಬಡಿದಿದೆಯೇ?

ಅಣ್ಣ ಬೀಡಿಯನ್ನೇನೋ ಬಿಟ್ಟ. ಮಾತ್ರೆಯನ್ನು ಮಾತ್ರ ತಲೆನೋವು ಬಂದ ದಿನವಷ್ಟೇ ನುಂಗುತ್ತಿದ್ದ. ಒಲೆಯ ಕಾವನ್ನು ಅಂಗೈ ಚಾಚಿಯೇ ಹೇಳುವ ಮನುಷ್ಯ; ಮೈಯೊಳಗಿನದೂ ಹಾಗೇ ಗೊತ್ತಾಗುತ್ತದೆಂಬ ಜಂಬ. ಚೆನ್ನಾಗೇ ಇದೀನಲ್ಲೋ, ಮಾತ್ರೆ ಯಾಕೆ ಅನ್ನುವುದು ಅವನ ಪಾಠ. ಕೆಂಡ ಕೂಗಾಡಿದ, ಊಟ ಬಿಟ್ಟ. ಅತ್ತಿಗೆ ವಾರಗಟ್ಟಲೆ ಮಾತು ಬಿಟ್ಟಳು. ಅಣ್ಣ ಜಗ್ಗಲಿಲ್ಲ.

ವಾರದ ರಜೆ ಬಂತು. ಅಂದು ಬ್ರೆಡ್ ಬೇಯಿಸುವುದಿಲ್ಲ. ಆದರೂ ಬೆಳಿಗ್ಗೆ ನಾಲ್ಕು ಸೌದೆ ಉರಿಸಲೇಬೇಕು, ಅದು ಅಪ್ಪನ ಕಾಲದ ಕಟ್ಟಳೆ. ಪೂರ್ತಿ ತಣ್ಣಗಾದ ಒಲೆ ಮರುದಿನ ಒಮ್ಮೆಲೇ ಕಾದರೆ ಇಟ್ಟಿಗೆ ಬಿರಿಯುತ್ತದೆ. ಕೆಂಡ ಬೆಂಕಿಪೊಟ್ಟಣವನ್ನು ಜೇಬಿಗಿಳಿಸಿ ಹಿಟ್ಟಿನ ಮೂಟೆಯ ಮೇಲೆ ಕಾಲು ಚಾಚಿ ಕೂತ.

ಅಣ್ಣ ಬಂದವನೇ ಒಲೆಯ ಬಾಯಿಗೆ ಅಂಗೈ ಹಿಡಿದ. ಮುಖ ಸಣ್ಣದಾಯಿತು.

"ಬೆಂಕಿ ಯಾಕೋ ಹಾಕಿಲ್ಲ?"

"ಒಲೆ ಚೆನ್ನಾಗೇ ಇದೆಯಲ್ಲಣ್ಣ. ನಿನ್ನೆ ತಾನೇ ಅಷ್ಟು ಬ್ರೆಡ್ ಬೇಯಿಸ್ತು. ಸೌದೆ ಯಾಕೆ?"

"ಲೋ, ಬಿರುಕು ಬಿಟ್ಟ ಮೇಲೆ ಸೌದೆ ಹಾಕಿ ಏನು..."

ಅಣ್ಣನ ಮಾತು ಅವನ ಕಾಲಿಗೇ ತೊಡರಿಕೊಂಡಿತ್ತು. ಬಾಗಿಲಲ್ಲಿ ಅತ್ತಿಗೆ ಒಂದು ಕೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ನೀರಿನ ಲೋಟ ಹಿಡಿದು, ನಗು ತಡೆದುಕೊಂಡು ನಿಂತಿದ್ದಳು.

"ಅಪ್ಪನ ಒಲೆ ಕಣೋ ಅದು. ಅದರ ಹತ್ರ ಆಟ ಆಡ್ತೀಯಾ?" ಅಣ್ಣನ ದನಿ ಇಳಿದಿತ್ತು.

"ಅಪ್ಪನ್ನೇ ಕಳ್ಕೊಂಡ್ವಿ," ಎಂದ ಕೆಂಡ. "ಒಲೆ ಯಾವ ಲೆಕ್ಕ?"

ಅಣ್ಣ ಒಲೆಯನ್ನೊಮ್ಮೆ, ತಮ್ಮನನ್ನೊಮ್ಮೆ ನೋಡಿದ. ಗಂಡ-ಹೆಂಡಿರ ನಡುವೆ ಮೈದುನ ಸೇರಿದರೆ ಬದುಕುವುದುಂಟೇ ಎಂದು ಗೊಣಗುತ್ತಾ ಮಾತ್ರೆ ನುಂಗಿ ಕೈ ಚಾಚಿದ. ಕೆಂಡ ಬೆಂಕಿಪೊಟ್ಟಣ ಕೊಟ್ಟ.

ಅಂದಿನಿಂದ ಆ ಪೊಟ್ಟಣ ಅತ್ತಿಗೆಯ ಸುಪರ್ದಿಯಲ್ಲಿದೆ. ಅಣ್ಣ ಮಾತ್ರೆ ನುಂಗಿ, ಮಗುವಿನಂತೆ ನಾಲಿಗೆ ಚಾಚಿ ತೋರಿಸದ ಹೊರತು ಒಂದು ಕಡ್ಡಿಯೂ ಸಿಗುವುದಿಲ್ಲ. ಅವನು ಸತಾಯಿಸಿದ ದಿನ ಬ್ರೆಡ್ ತಡವಾಗುತ್ತದೆ, ಗಿರಾಕಿಗಳು ಕೆಂಡನನ್ನು ಬೈಯುತ್ತಾರೆ. ಕೆಂಡ ಹಲ್ಲು ಕಿರಿದುಕೊಂಡು ಬೈಸಿಕೊಳ್ಳುತ್ತಾನೆ.