ಯಾಕೆ ಮತ್ತು ಯಾಕವಾ

ಬೊಮ್ಮನಹಳ್ಳಿಯ ಆ ಗಾರ್ಮೆಂಟ್ಸಿನಲ್ಲಿ, ಹೊಸದಾಗಿ ಸೇರುವ ಹುಡುಗಿಯರ ಜೊತೆ ನಿಂತು ಕೆಲಸ ಕಲಿಸಲು ಹಳಬರಲ್ಲೇ ಕೆಲವರನ್ನು ಆರಿಸುತ್ತಿದ್ದರು. ಶಿವಗಂಗಾ ಅದರ ತರಬೇತಿಗೆ ಹೆಸರು ಕೊಟ್ಟದ್ದು ಇಸ್ತ್ರಿ ಮೇಜಿನಿಂದ ಪಾರಾಗಲು. ಅಲ್ಲಿನ ಹಬೆಗೆ ಸಂಜೆಯಾಗುತ್ತಲೇ ಅವಳಿಗೆ ಉಬ್ಬಸ ಏಳುತ್ತಿತ್ತು. ಇವತ್ತಿನ ಅಭ್ಯಾಸದಲ್ಲಿ ಸೋತರೆ ನಾಳೆ ಮತ್ತೆ ಅದೇ ಹಬೆ.

ತರಬೇತಿ ಕೊಡುವ ನಿವೇದಿತಾ ಮೇಡಂ ದಾವಣಗೆರೆ ಕಡೆಯವರು. ಅವರ ಪಾಠ ಸರಳ. ಮೂವರ ಗುಂಪು, ಒಬ್ಬಳು ತನ್ನ ತೊಂದರೆ ಹೇಳಬೇಕು, ಒಬ್ಬಳು ಕೇಳಬೇಕು, ಮೂರನೆಯವಳು ನೋಡುತ್ತಿರಬೇಕು. ಕೇಳುವವಳು ಬುದ್ಧಿ ಹೇಳಬಾರದು; ಹೇಳುವವಳು ತಾನೇ ದಾರಿ ಹುಡುಕಿಕೊಳ್ಳುವ ಹಾಗೆ ಕೇಳಬೇಕು. ಅದರಲ್ಲೂ 'ಯಾಕೆ' ಅನ್ನಲೇಬಾರದು.

"'ಯಾಕೆ ಲೇಟು, ಯಾಕೆ ಹಾಳ್ಮಾಡ್ದೆ' ಅಂದ್ರೆ ಎದುರಿಗಿರೋರು ಬಾಯಿ ಮುಚ್ಕೊಂಡ್ಬಿಡ್ತಾರೆ. 'ಏನು', 'ಹೇಗೆ' ಅಂತ ಕೇಳಿ," ಎಂದಿದ್ದರು ಮೇಡಂ.

ನೋಡುವ ಸರದಿಯಲ್ಲಿ ಶಿವಗಂಗಾ ಸುಖವಾಗಿದ್ದಳು. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಮೇಲೆ ಅವಳು ಕಲಿತದ್ದೆಲ್ಲ ನೋಡಿಯೇ. ಕೇಳುವ ಸರದಿ ಬಂದಾಗ ಮಾತ್ರ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. ಎದುರಿಗೆ, ಅವಳಂತೆಯೇ ಉತ್ತರ ಕರ್ನಾಟಕದಿಂದ ಬಂದ, ಕಾಲರ್ ಹೊಲಿಯುವ ಹೊಳೆವ್ವ ಸೆರಗಿನ ಅಂಚು ಹಿಂಡುತ್ತ ಕೂತಿದ್ದಳು. ಪಕ್ಕದಲ್ಲಿ ನೋಡುವವಳಾಗಿ ರಕ್ಷಿತಾ, ಬೆಂಗಳೂರಿನವಳೇ.

'ಏನು ನಿನ್ನ ತೊಂದರೆ' ಎಂದು ಮನಸ್ಸಿನಲ್ಲೇ ಹೇಳಿ ನೋಡಿದಳು. ಪೊಲೀಸ್ ಠಾಣೆಯಲ್ಲಿ ಕೇಳಿದಂತಿತ್ತು. ಅಷ್ಟರಲ್ಲಿ ಹೊಳೆವ್ವನ ಕಣ್ಣು ತುಂಬಿದ್ದು ಕಂಡಿತು.

"ಯಾಕವಾ ಹೊಳೆವ್ವಕ್ಕ, ಸಪ್ಪಗ ಕುಂತೀಯಲ್ಲ?" ಬಾಯಿ ಜಾರಿತ್ತು.

"ಹೋಯ್ತು," ಎಂದಳು ರಕ್ಷಿತಾ ಮೆಲ್ಲಗೆ. "ಔಟ್ ಕಣೇ ನೀನು."

ಆದರೆ ಹೊಳೆವ್ವ ಮಾತಾಡತೊಡಗಿದ್ದಳು. "ಕರೇ ಬಟ್ಟಿ ಮ್ಯಾಲ ಕರೇ ದಾರ ಕಾಣವಲ್ದು, ತಂಗಿ. ಹೊಲಿದದ್ದು ಬಿಚ್ಚೂದೇ ಆಗೇತಿ. ಹೇಳಿದ್ರ ಮನಿಗೆ ಕಳಸ್ತಾರಂತ ಅಂಜಿಕಿ."

'ಚಸ್ಮಾ ಮಾಡಿಸ್ಕೋ' ಎಂಬುದು ಶಿವಗಂಗಾಳ ತುಟಿಯವರೆಗೆ ಬಂತು. ನುಂಗಿಕೊಂಡಳು. "ಹೂಂ. ಯಾವ ಬಟ್ಟಿ ಚಲೋ ಕಾಣ್ತೈತಿ?"

"ಬಿಳೇ ಅಂಗಿಗೆ ಏನೂ ತ್ರಾಸಿಲ್ಲ." ಹೊಳೆವ್ವ ಸೆರಗು ಬಿಟ್ಟು ತಲೆಯೆತ್ತಿದಳು. "ಅಲ್ಲಾ, ಬಿಳೇ ಲೈನಿಗೆ ಹಾಕ್ರಿ ಅಂತ ಕೇಳಬಹುದಲ್ಲ, ಚಸ್ಮಾ ಬರೂತನಕ? ಆಯ್ತವಾರ ರಜಾ ಐತಿ, ಕಣ್ಣ ತೋರಿಸ್ಕೊಂಡ ಬರ್ತೀನಿ."

ಮೇಡಂ ಬಂದಾಗ ರಕ್ಷಿತಾ ಕಂಡದ್ದನ್ನು ಹೇಳಲೇಬೇಕಿತ್ತು. "ಶುರುನಲ್ಲೇ 'ಯಾಕೆ' ಅಂದ್ಬಿಟ್ಳು ಮೇಡಂ. ಆಮೇಲೆ ಪರ್ವಾಗಿಲ್ಲ."

ಮೇಡಂ ಹೊಳೆವ್ವನತ್ತ ತಿರುಗಿದರು. "ಬೈದ ಹಾಗೆ ಅನ್ನಿಸ್ತಾ?"

"ಬೈಯೂದೇನ ಬಂತ್ರೀ? 'ಯಾಕ' ಅಂದ್ರ ಬೈಗುಳ. 'ಯಾಕವಾ' ಅಂದ್ರ ಬಾಜೂಕ ಬಂದು ಕುಂತಂಗ."

ಮೇಡಂ ನಕ್ಕುಬಿಟ್ಟರು. "ನಮ್ಮಜ್ಜಿನೂ ಹಂಗೇ ಕೇಳ್ತಿದ್ರು. ಆದ್ರೆ ಶಿವಗಂಗಾ, ತುಮಕೂರು, ಕೋಲಾರದ ಹುಡುಗೀರೂ ಬರ್ತಾರೆ. ಅವ್ರಿಗೆ ನಿನ್ನ 'ಯಾಕವಾ' ಗೊತ್ತಾಗಲ್ಲ. ಏನಂತ ಶುರು ಮಾಡ್ತೀಯಾ?"

ಅವಳು ಯೋಚಿಸಿದಳು. "ಊಟ ಆತೇನು ಅಂತ ಕೇಳ್ತೀನ್ರಿ."

"ಸರಿ. ನಾಳೆಯಿಂದ ಕೇಳು. ಇಸ್ತ್ರಿಯವ್ರಿಗೆ ನಾನು ಹೇಳ್ತೀನಿ."

ಇನ್ನು ಆ ಹಬೆಯಿಲ್ಲ ಎಂದುಕೊಂಡು ಶಿವಗಂಗಾ ಕುರ್ಚಿಯಿಂದ ಎದ್ದಳು.

"ನಂದಿನ್ನೂ ಆಗಿಲ್ಲ ಕಣೇ ಊಟ," ಎಂದಳು ರಕ್ಷಿತಾ, "ನನ್ನ ಕೇಳಲ್ವಾ?"

ಹೊಳೆವ್ವ ಇಬ್ಬರ ಕೈಯನ್ನೂ ಹಿಡಿದೆಳೆದಳು. ಕ್ಯಾಂಟೀನಿನ ಸಾಲಿನಲ್ಲಿ ಸಾರಿನ ವಾಸನೆ ಬಡಿದಾಗಲೇ, ತನಗೆ ಎಷ್ಟು ಹಸಿವಾಗಿದೆ ಎಂಬುದು ಶಿವಗಂಗಾಳಿಗೆ ಗೊತ್ತಾದದ್ದು.