ಬರೀ ಧೂಳಿನ ಕೆಮ್ಮು

ಮಹಾಮಾರಿ ತೊಲಗಿತು, ಜನ ಮಾಸ್ಕು ಕಿತ್ತೆಸೆದು ಉಸ್ಸಪ್ಪಾ ಅಂದರು. ಅನ್ನದೇ ಉಳಿದವಳು ಕಡ್ಡಿಯಮ್ಮ ಒಬ್ಬಳೇ. ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ, ಜ್ವರ ಕೆಮ್ಮು ಅಂತ ಬಂದವರ ಮೂಗಿಗೆ ಹತ್ತಿಯ ಕಡ್ಡಿ ಹಾಕುವ ನರ್ಸು ಆಕೆ. ಈ ಸಲದ ಫ್ಲೂ ಹಳೆಯದೋ, ಯಾವುದಾದರೂ ಹೊಸ ತಳಿಯೋ ಅಂತ ಮೊದಲೇ ಗೊತ್ತಾಗಬೇಕಲ್ಲ, ಅದಕ್ಕೇ ಈ ಕಾವಲು. ಕಾವಲಿನವಳನ್ನು ಕಂಡರೆ ಯಾರಿಗೆ ತಾನೇ ಪ್ರೀತಿ? ಡ್ಯೂಟಿ ಮುಗಿಸಿ ಅವಳು ಮನೆಯ ಮೆಟ್ಟಿಲು ಹತ್ತಿದರೆ ಸಾಕು, ಅಕ್ಕಪಕ್ಕದ ಮನೆಗಳೆಲ್ಲ ಸೇರಿ ಇಡೀ ಕಟ್ಟಡವೇ ಕೆಮ್ಮು ನುಂಗಿಕೊಂಡು ಕೂರುತ್ತಿತ್ತು. ಸಿಕ್ಕಿಬಿದ್ದವರದೆಲ್ಲ ಒಂದೇ ರಾಗ: "ಏನಿಲ್ಲ ಸಿಸ್ಟರ್, ಬರೀ ಧೂಳು."

ಊರಿನವರದು ಹಾಳಾಗಲಿ, ಅವಳ ಮನೆಯಲ್ಲೇ ಅತ್ತೆಗೆ ಮಿಕ್ಸಿಯ ಹುಚ್ಚು ಹಿಡಿದಿತ್ತು. ನಿನ್ನೆಯಿಂದ ಹೊತ್ತಿಲ್ಲ ಗೊತ್ತಿಲ್ಲ, ಗರ್‌ರ್ ಅಂತ ಸದ್ದು. ಊಟಕ್ಕೆ ಕೂತರೆ ತಟ್ಟೆಯಲ್ಲಿ ರುಬ್ಬಿದ್ದು ಏನೂ ಇಲ್ಲ! ಇವತ್ತು ರಜೆ. ಸೊಸೆ ಸದ್ದಿಲ್ಲದೆ ಅಡುಗೆಮನೆಗೆ ಹೋಗಿ ನೋಡಿದಳು. ಜಾರು ಖಾಲಿ. ಪಕ್ಕದಲ್ಲಿ ಅತ್ತೆ ಟವೆಲ್ಲನ್ನು ಬಾಯಿಗೊತ್ತಿಕೊಂಡು, ಕಣ್ಣು ಕೆಂಪಾಗುವಷ್ಟು ಕೆಮ್ಮುತ್ತಿದ್ದಾರೆ. ಹಣೆ ಮುಟ್ಟಿದರೆ ಕಾದ ಹೆಂಚು.

ಅತ್ತೆಗೆ ಮೊದಲೇ ಉಬ್ಬಸ. ಫ್ಲೂ ಆಗಿದ್ದರೆ ಮಾತ್ರೆ ಬೇಗ ಶುರುವಾಗಬೇಕು, ತಡವಾದರೆ ಕೈಮೀರುತ್ತದೆ. "ಅತ್ತೆ, ಒಂದೇ ಒಂದು ಕಡ್ಡಿ" ಅಂತ ಡ್ಯೂಟಿಯ ಚೀಲ ತಂದು ಕೈ ಹಾಕಿದಳೋ ಇಲ್ಲವೋ, ಅತ್ತೆ ಬಚ್ಚಲಿಗೆ ನುಗ್ಗಿ ಚಿಲಕ ಹಾಕಿಕೊಂಡರು. ಒಳಗೆ ನಲ್ಲಿ ಸುರಿಯತೊಡಗಿತು.

"ಬಾಗಿಲು ತೆಗೀರಿ ಅತ್ತೆ."

"ಆಗಲ್ಲ! ನಿಮ್ಮ ಮಾವನಿಗೂ ಆವತ್ತು ನೀನು ಒಂದೇ ಕಡ್ಡಿ ಅಂದೆ. ಆ ಹಿಂದಿನ ವಾರ್ಡಿಗೆ ಹೋದವರು ವಾಪಸ್ ಬಂದ್ರಾ? ಮುಖ ನೋಡೋಕೂ ಬಿಡಲಿಲ್ಲವಲ್ಲೇ!"

"ಆ ರೋಗ ಹೋಯ್ತು. ಈಗ ಮನೆಗೇ ಮಾತ್ರೆ ಕೊಡ್ತಾರೆ."

"ಹೊಸ ತಳಿ ಆಗಿದ್ರೆ?"

ಅತ್ತೆಯೇನು ದಡ್ಡರಲ್ಲ. ಹೊಸ ತಳಿಯಾದರೆ ಅದೇ ವಾರ್ಡು. ಅದರ ಬಾಗಿಲಿಗೆ ಹೊರಗಿನಿಂದ ಚಿಲಕ, ಕಿಟಕಿಗೆ ಮೊಳೆ. ಸೊಸೆಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಿಜ ಹೇಳಿದರೆ ಬಾಗಿಲು ತೆರೆಯುವುದಿಲ್ಲ. ಬಚ್ಚಲಿನ ಮುಂದಿನ ಇಕ್ಕಟ್ಟಿನಲ್ಲಿ ಗೋಡೆಗೊರಗಿ ನಿಂತಳು. ಒಳಗಿನಿಂದ ಅತ್ತೆಯ ಉಸಿರು ಸಿಳ್ಳೆ ಹೊಡೆಯುವುದು ಕೇಳುತ್ತಿತ್ತು.

ಆಗ ಅವಳ ಗಂಟಲೇ ಕೆರೆಯಿತು. ಅಯ್ಯೋ, ಈಗ ಬೇಡ! ಮೊನ್ನೆಯಿಂದ ಡ್ಯೂಟಿಯಲ್ಲಿ ಪೆಪ್ಪರಮೆಂಟು ಚೀಪಿ ಚೀಪಿ ಅದುಮಿಟ್ಟಿದ್ದಳು. ಕೆಮ್ಮಿದರೆ ಮೊದಲ ಕಡ್ಡಿ ಅವಳಿಗೇ, ಆ ಚಿಲಕವೂ ಅವಳಿಗೇ. ಊರಿಗೆಲ್ಲ ಬುದ್ಧಿ ಹೇಳುವವಳಿಗೆ ಅಷ್ಟು ಹೆದರಿಕೆ. ಇವತ್ತು ಬಾಯಲ್ಲಿ ಪೆಪ್ಪರಮೆಂಟು ಇರಲಿಲ್ಲ. ಬಂತು ನೋಡಿ ಕೆಮ್ಮು, ಕರುಳು ಕಿತ್ತು ಬಾಯಿಗೆ ಬರುವ ಹಾಗೆ.

ನಲ್ಲಿ ನಿಂತಿತು.

"ಯಾವಾಗಿಂದ?" ಅತ್ತೆ ಕೇಳಿದರು.

"ಏನಿಲ್ಲ ಅತ್ತೆ, ಬರೀ ಧೂಳು."

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಮನೆಗೆ ಇದನ್ನು ತಂದವಳು ಯಾರು ಅನ್ನುವುದು ಆಗ ಹೊಳೆಯಿತು.

ಚಿಲಕ ಸರಿಯಿತು. ಅತ್ತೆ ಬಾಗಿಲು ಹಿಡಿದುಕೊಂಡು ಅವಳನ್ನೇ ನೋಡಿದರು. ಬೈಯಲಿಲ್ಲ.

"ನಿಮ್ಮ ಮಾವನೂ ಹಿಂಗೇ ಅಂದಿದ್ರು. ನಾನು ನಂಬಿಬಿಟ್ಟೆ" ಅಂದರು. ಕೈಚಾಚಿ ಚೀಲದಿಂದ ಒಂದು ಕಡ್ಡಿಯ ಪೊಟ್ಟಣ ತೆಗೆದು ಸೊಸೆಯ ಕೈಗಿಟ್ಟರು. "ಮೊದಲು ನಿಂದು. ಆಮೇಲೆ ನಂದು."

ಅವಳು ಪೊಟ್ಟಣ ಹರಿದಳು. ಸಾವಿರಾರು ಮೂಗು ಕಂಡ ಕೈ ತನ್ನ ಮೂಗಿನ ಹತ್ತಿರ ಬಂತು. ತಲೆ ತಾನಾಗಿಯೇ ಹಿಂದೆ ಸರಿಯಿತು. ಹಿಂದೆ ಗೋಡೆ.

"ಅತ್ತೆ, ಸ್ವಲ್ಪ ತಲೆ ಹಿಡ್ಕೊಳ್ಳಿ" ಅಂದಳು. "ಗಟ್ಟಿಯಾಗಿ ಹಿಡ್ಕೊಳ್ಳಿ."