ತಟ್ಟೆಯ ಅಂಚಿನಲ್ಲಿದ್ದ ನಾನು

ರೆಕಾರ್ಡ್ ಪ್ಲೇಯರಿನ ಮುಳ್ಳು ಮತ್ತೆ ಹಾರಿತು, ಕರ್ರ್ ಎಂದು ಅಂಚಿನಿಂದ ಜಾರಿ ನೇರ ಬಸ್ ಕಂಡಕ್ಟರನ ಬಾಯಿಗೇ ಬಿತ್ತು, ಬಿ.ಸಿ.ರೋಡ್ ಬಿ.ಸಿ.ರೋಡ್, ದುಂಬು ಪೋಲೆ, ಮುಂದೆ ಹೋಗಿ ಮುಂದೆ ಹೋಗಿ, ಅದರಡಿಯಲ್ಲಿ ಮುಝಮ್ಮಿಲ್‌ನ ಬೀಟು ಧಕ್ ಧಕ್ — ಕಾಲೇಜು ಮುಗಿದ ವರ್ಷ ನಾವಿಬ್ಬರು ಮಾಡಿದ ಎಲೆಕ್ಟ್ರಾನಿಕ್ ಡ್ಯಾನ್ಸ್ ಆಲ್ಬಮ್, ಬೀಟು ಅವನದ್ದು, ಮಿಮಿಕ್ರಿ ನನ್ನದು, ವಿನೈಲ್ ತಟ್ಟೆಯೇ ಆಗಬೇಕೆಂದು ಅವನ ಹಟ — ಈ ಕಂಡಕ್ಟರನೂ ನಾನೇ, ಮುಂದಿನ ಹಾಡಿನ ಮೀನಿನ ಹೆಂಗಸೂ ನಾನೇ, ಮೂಡುಬಿದಿರೆಯ ಹಾಸ್ಟೆಲ್ ವಾರ್ಡನ್ನೂ ನಾನೇ, ಇಷ್ಟು ಜನರ ನಡುವೆ ನನ್ನದೇ ಸ್ವರದ ಅಶ್ವಿತ್ ಎಂಬವನೊಬ್ಬ ಇಲ್ಲ — ಇದ್ದ, ಎಲ್ಲಕ್ಕಿಂತ ಮೊದಲು, ಮುಳ್ಳು ಇಳಿಯುವ ಅಂಚಿನಲ್ಲೇ, ಮೈಕ್ ಆನ್ ಉಂಟೆಂದು ಗೊತ್ತಿಲ್ಲದೆ ಕೇಳಿದ್ದೆ, ಮುಝಮ್ಮಿಲ್, ಶುರು ಮಾಡುವನಾ ಮಾರಾಯ, ಅಷ್ಟು ಮಾತ್ರ ಯಾರ ಅನುಕರಣೆಯೂ ಅಲ್ಲ. ಆನ್‌ಲೈನಿಗೆ ಹಾಕುವಾಗ ಮುಝಮ್ಮಿಲ್ ಅದನ್ನು ಕತ್ತರಿಸಿದ, ತಟ್ಟೆಯಲ್ಲಿ ಬಿಟ್ಟ, ಇರ್ಲಿ ಮಾರಾಯ, ತಟ್ಟೆ ತಕ್ಕೊಂಡವರಿಗೆ ನಿನ್ನ ಒರಿಜಿನಲ್ ಫ್ರೀ, ಎಂದು ನಕ್ಕ. ಯಾರೂ ತಕ್ಕೊಳ್ಳಲಿಲ್ಲ, ಉಳಿದ ತಟ್ಟೆಗಳೂ ಅವನ ಕಂಪ್ಯೂಟರೂ ಪಾಣೆಮಂಗಳೂರಿನ ಮನೆಗೆ ನೆರೆ ನುಗ್ಗಿದಾಗ ಹೋದವು, ಅಮ್ಮನ ಮನೆಯ ಅಟ್ಟದಲ್ಲಿ ಉಳಿದದ್ದು ಇದೊಂದೇ. ಸೋಮವಾರ ಡಾಕ್ಟರು ನನ್ನ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ, ಪೆಟ್ಟಿಗೆಗೇ ಪೆಟ್ಟು, ನಗು ಅಶ್ವಿತ್, ನಗು, ನಕ್ಕರೂ ಈಗ ಗರಗಸ. ನಿಮ್ಮ ಸ್ವರ ಎಲ್ಲಿಯಾದರೂ ಉಂಟಾ ಮಾರಾಯ್ರೆ, ಹೆಂಡತಿ ಸುಪ್ರೀತಾ ನಿನ್ನೆ ಮಗಳಿಗೆ ಉಣ್ಣಿಸುತ್ತ ಕೇಳಿದಳು, ಕಂಡಕ್ಟರಿನದ್ದು ಬೇಡ, ನಿಮ್ಮದು, ಇವಳಿಗೆ ದೊಡ್ಡವಳಾದ ಮೇಲೆ ಕೇಳಿಸ್ಲಿಕ್ಕೆ — ಮಗಳು ಹುಟ್ಟುವಾಗಲೇ ಗಂಟಲು ಕೆಟ್ಟಿತ್ತು, ಅವಳಿಗೆ ಅಪ್ಪನೆಂದರೆ ಈ ಕರಕರ. ಫೋನಿನಲ್ಲೂ ನಾನೆಂದೂ ನಾನಾಗಿ ಮಾತಾಡಿದವನಲ್ಲ, ಸುಪ್ರೀತಾಳಲ್ಲಿ ಮದುವೆಯಾಗುವನಾ ಎಂದು ಕೇಳಿದ್ದೂ ವಾರ್ಡನ್ನಿನ ಸ್ವರದಲ್ಲಿ — ಉಂಟು, ಅಟ್ಟದಲ್ಲಿ ಉಂಟು ಎಂದೆ, ಎಂಥ ಜಂಬದಲ್ಲಿ ಎಂದೆ. ಈಗ ಇಲ್ಲಿಗೆ ಬಂದು ಕವರು ತೆರೆದರೆ ಅಂಚೆಲ್ಲ ಬಿಳಿ ಬಿಳಿ ಗೀರು, ಅಮ್ಮಾ ಇದೆಂತ, ಅದಾ ಮಗಾ, ಮಳೆಗಾಲದಲ್ಲಿ ಬೂಷ್ಟು ಹಿಡಿದಿತ್ತು, ಸುತ್ತ ಅಂಚಿನಲ್ಲಿ, ದೋಸೆ ಕಾವಲಿಗೆ ಹಿಡಿದ ಹಾಗೆ, ನಿನ್ನ ಸ್ವರ ಉಂಟಲ್ಲ ಅದರಲ್ಲಿ, ಹಾಳಾಗುವುದು ಬೇಡಾಂತ ಹುಣಸೆಹುಳಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದೆ, ನಡುವಿನ ಕಾಗದಕ್ಕೆ ಒಂದು ಹನಿ ನೀರು ತಾಗಿಸ್ಲಿಲ್ಲ ನೋಡು — ಅಮ್ಮನಿಗೆ ಸಣ್ಣ ಆಪರೇಷನ್ ಎಂದಷ್ಟೇ ಗೊತ್ತು, ಸಂಜೆಯ ಬಸ್ಸಿಗೆ ಸುಪ್ರೀತಾ ಬೆಳ್ತಂಗಡಿಯಿಂದ ಬರುತ್ತಾಳೆ, ಎಲ್ಲಿ, ಹಾಕಿ ನೋಡುವ, ಎನ್ನುತ್ತಾಳೆ, ಮಗಳನ್ನು ಮಡಿಲಲ್ಲಿ ಕೂರಿಸಿಕೊಳ್ಳುತ್ತಾಳೆ, ಆಗ ಯಾರ ಸ್ವರದಲ್ಲಿ ಹೇಳಲಿ. ಅಮ್ಮ ಸೆರಗಿನಲ್ಲಿ ಕೈ ಒರೆಸುತ್ತ ಬಾಗಿಲಿಗೆ ಬಂದಿದ್ದಾಳೆ, ಎಂತ ಮಗಾ, ಈಗ ಚೆಂದ ಕೇಳ್ತದಾ, ಕೇಳ್ತದೆ ಅಮ್ಮ, ಹಾಗಾದ್ರೆ ಜೋರು ಹಾಕು, ನಾನೂ ಕೇಳ್ತೇನೆ — ಮುಳ್ಳೆತ್ತಿ ಅಂಚಿಗೆ ಇಟ್ಟೆ, ಕರ್ರ್, ದುಂಬು ಪೋಲೆ, ಮತ್ತೆ ಅಂಚಿಗೆ, ಕರ್ರ್, ಮುಂದೆ ಹೋಗಿ, ಬಿಸಿಲು ಬಿದ್ದು ಅಂಚು ಹೊಳೆಯುತ್ತ ಸುತ್ತುತ್ತದೆ, ಮತ್ತೆ ಅಂಚಿಗೆ, ಕರ್ರ್, ತಿಕ್ಕಿ ತಿಕ್ಕಿ ಬೆಳಗಿದ ಅಂಚು, ಅಮ್ಮ ಬೆಳಗಿದ ಅಂಚು, ಅಂಚು